ಕುರ್ಚಿ ಬಿಟ್ಟರೆ ಅಧಿಕಾರ ಬಿಟ್ಟಂತೆಯೇ?

ಅಧಿಕಾರ ಬಿಡುವುದೆಂದರೇನು? ಕುರ್ಚಿಯಿಂದ ಎದ್ದರೆ ಸಾಕೇ? ಮಧ್ಯ ಏಷ್ಯಾದ ಮುಸ್ಲಿಮ್ ಬಹುಸಂಖ್ಯಾತ ದೇಶವಾದ ಕಝಕಿಸ್ತಾನದ ಇತ್ತೀಚಿನ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಸೋವಿಯತ್ ಒಕ್ಕೂಟ ಕುಸಿದು 1991ರಲ್ಲಿ ಸ್ವತಂತ್ರವಾದ ಈ ದೇಶದ ಚುಕ್ಕಾಣಿ ಸುಮಾರು 30 ವರ್ಷ ನೂರ್‌ಸುಲ್ತಾನ್ ನಝರ್ಬಯೇವರ ಕೈಯಲ್ಲಿತ್ತು. 2019ರ ಮಾರ್ಚ್ 19ರಂದು ಅವರು ತಾವಾಗಿಯೇ ರಾಜೀನಾಮೆ ಘೋಷಿಸಿದರು. ನೆರೆಯ ಉಝ್ಬೆಕಿಸ್ತಾನದ ಇಸ್ಲಾಮ್ ಕರೀಮೊವ್ 2016ರಲ್ಲಿ ಅಧಿಕಾರದಲ್ಲಿರುವಾಗಲೇ ತೀರಿಕೊಂಡಿದ್ದರು. ಕಿರ್ಗಿಝ್‌ಸ್ತಾನದ ಅಸ್ಕರ್ ಅಕಾಯೇವ್ 2005ರಲ್ಲಿ ಜನರ ದಂಗೆಗೆ ಸಿಕ್ಕಿ ದೇಶ ಬಿಟ್ಟಿದ್ದರು. ಇವರೊಡನೆ ಹೋಲಿಸಿದರೆ ನಝರ್ಬಯೇವರ ನಡೆ ಮೆಚ್ಚತಕ್ಕದ್ದೇ ಆಗಿತ್ತು.

ಆದರೆ ಮರುದಿನ ಏನಾಯಿತು? ಸೆನೆಟ್ ಅಧ್ಯಕ್ಷ ಕಾಸಿಮ್ ಜೋಮಾರ್ತ್ ತೊಕಾಯೇವ್ ರಾಷ್ಟ್ರಾಧ್ಯಕ್ಷರಾದರು. ಅವರು ತೆರವು ಮಾಡಿದ ಸ್ಥಾನಕ್ಕೆ, ಅಂದರೆ ರಾಷ್ಟ್ರಾಧ್ಯಕ್ಷರ ನಂತರದ ಸರದಿಗೆ, ನಝರ್ಬಯೇವರ ಮಗಳು ದರಿಗಾ ಬಂದರು. ರಾಜಧಾನಿ ಅಸ್ತಾನಕ್ಕೆ ಆ ತಿಂಗಳಲ್ಲೇ ‘ನೂರ್‌ಸುಲ್ತಾನ್’ ಎಂದು ಹೆಸರಿಡಲಾಯಿತು. ಭದ್ರತಾ ಮಂಡಳಿಯ ಅಧ್ಯಕ್ಷತೆಯಂತೂ ಜೀವಮಾನವಿಡೀ ಅವರಿಗೇ ಎಂದು ಮೊದಲೇ ಗೊತ್ತು ಮಾಡಲಾಗಿತ್ತು. ಅಮಾನತ್ತಿನ ಗಂಟನ್ನು ಒಡೆಯನಿಗೆ ನೀಡಿ, ಅದರ ತುದಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಂತಾಯಿತು.

2022ರ ಜನವರಿಯಲ್ಲಿ ಝನಾಒಝೆನ್ ಪಟ್ಟಣದಲ್ಲಿ ವಾಹನದ ಗ್ಯಾಸ್ ಬೆಲೆಯೇರಿಕೆಯ ವಿರುದ್ಧ ಜನ ಬೀದಿಗಿಳಿದರು. ಪ್ರತಿಭಟನೆ ಅಲ್ಮಾಟಿಯವರೆಗೂ ಹಬ್ಬಿತು. ರಾಜೀನಾಮೆಯಾಗಿ ಮೂರು ವರ್ಷವಾಗುತ್ತಾ ಬಂದಿದ್ದರೂ, ‘ಮುದುಕ, ತೊಲಗು’ ಎಂಬ ಕೂಗು ನಝರ್ಬಯೇವರ ವಿರುದ್ಧವೇ ಎದ್ದಿತು. ಜನ ಮೋಸ ಹೋಗಿರಲಿಲ್ಲ. 200ಕ್ಕೂ ಹೆಚ್ಚು ಜೀವಗಳು ಬಲಿಯಾದವು. ತೊಕಾಯೇವ್ ಭದ್ರತಾ ಮಂಡಳಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ರಾಜಧಾನಿ ಮತ್ತೆ ಅಸ್ತಾನವಾಯಿತು.

ಅನುಭವಿ ಹಿರಿಯರ ಮಾರ್ಗದರ್ಶನ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಸಲಹೆ ಬೇರೆ, ಹಿಡಿತ ಬೇರೆ. ಖಲೀಫ ಉಮರ್(ರ) ಮರಣಶಯ್ಯೆಯಲ್ಲಿ ಉತ್ತರಾಧಿಕಾರಿಯ ಆಯ್ಕೆಯನ್ನು ಆರು ಮಂದಿಯ ಸಮಾಲೋಚನೆಗೆ ಬಿಟ್ಟರು. ತಮ್ಮ ಮಗ ಅಬ್ದುಲ್ಲಾ(ರ) ಆ ಸಭೆಯಲ್ಲಿರಬಹುದು, ಆದರೆ ಖಲೀಫ ಪದವಿಯಲ್ಲಿ ಅವರಿಗೆ ಪಾಲಿಲ್ಲ ಎಂದು ಸ್ಪಷ್ಟಪಡಿಸಿದರು.

ಹಾಗೆಂದು ಹಳಬರು ಹೋದೊಡನೆ ನ್ಯಾಯ ಬಂದುಬಿಡುವುದಿಲ್ಲ. ಆ ಜನವರಿಯಲ್ಲಿ ಎಚ್ಚರಿಕೆ ನೀಡದೆ ಗುಂಡು ಹಾರಿಸಲು ಆದೇಶಿಸಿದವರು ಇದೇ ತೊಕಾಯೇವ್. ಅಮಾನತ್ತು ಕೈ ಬದಲಾಯಿಸುತ್ತದೆ, ಅದರ ಲೆಕ್ಕ ಮಾತ್ರ ತಪ್ಪುವುದಿಲ್ಲ. ಪಡೆದವನು ಹೇಗೆ ಬಳಸಿದನೆಂದೂ, ಬಿಟ್ಟವನು ನಿಜವಾಗಿ ಬಿಟ್ಟನೇ ಎಂದೂ ಇಬ್ಬರೂ ಉತ್ತರಿಸಬೇಕಾದ ದಿನವೊಂದಿದೆ.