ಸಾಯದ ಕುರಿಗಳು

ತಮಿಳುನಾಡಿನ ಗಡಿಯೂರು ಜೂಜುವಾಡಿಯಲ್ಲಿ ಸಂಜೆಯ ಹೊತ್ತು ಎರಡು ಸದ್ದು ಒಟ್ಟಿಗೆ ಕೇಳುತ್ತವೆ. ಒಂದು, ಹೆದ್ದಾರಿಯಲ್ಲಿ ಅತ್ತಿಬೆಲೆ ಕಡೆಗೆ ಸಾಲುಗಟ್ಟಿದ ಲಾರಿಗಳದ್ದು. ಇನ್ನೊಂದು, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಶಿಫ್ಟು ಮುಗಿಸಿ ಬಾಡಿಗೆ ರೂಮುಗಳಿಗೆ ಮರಳುವವರ ಮಾತಿನದ್ದು. ಆ ಮಾತಿನಲ್ಲಿ ಕನ್ನಡ, ತೆಲುಗು, ತಮಿಳು ಮೊದಲಿಂದಲೂ ಇದ್ದವು. ಈಗ ಒಡಿಯಾ, ಹಿಂದಿಯೂ ಕೂಡಿಕೊಂಡಿವೆ. ಚಿಕ್ಕಮ್ಮ ತೀರಿಕೊಂಡು ವರ್ಷ ತುಂಬಿತ್ತು. ಜಮೀನು ಮಾರಿದ ಹಣದಲ್ಲಿ ಹತ್ತು ಲಕ್ಷವನ್ನು ಅವರ ಹೆಸರಿನಲ್ಲಿ ಧರ್ಮಕ್ಕೆ ಇಡಬೇಕೆಂದು ಚಿಕ್ಕಪ್ಪ ಮನಸ್ಸು ಮಾಡಿದ್ದರು. ನಾನು ಬೆಂಗಳೂರಿನ ಆಡಿಟರೊಬ್ಬರ ಆಫೀಸಿನಲ್ಲಿ ಟ್ರಸ್ಟುಗಳ ಲೆಕ್ಕ ನೋಡುವವಳು, ಹಾಗಾಗಿ ಕಾಗದ ಬರೆಯಲು ನನ್ನನ್ನು ಕರೆಸಿದ್ದರು. ಅವರ ಅಕ್ಕ, ನನ್ನ ಅತ್ತೆ, ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಅಂದು ಕಾಗದ ಮುಗಿಯಲಿಲ್ಲ. ನಡೆದ ಮಾತನ್ನು ನೆನಪಿದ್ದಷ್ಟು ಬರೆದಿದ್ದೇನೆ.

ಚಿಕ್ಕಪ್ಪ: ಬರ್ಕೊ ಅಮ್ಮಣ್ಣಿ. ಬಸ್ ಸ್ಟಾಪಿನ ಪಕ್ಕ ಒಂದು ಅರವಟಿಗೆ. ಕಲ್ಲಿನ ಮೇಲೆ ನಿಮ್ಮ ಚಿಕ್ಕಮ್ಮನ ಹೆಸರು. ದುಡ್ಡು ಬ್ಯಾಂಕಲ್ಲಿರ್ಲಿ, ಬಡ್ಡಿಯಲ್ಲಿ ದಾರಿಹೋಕರಿಗೆ ನೀರು, ಬೇಸಿಗೆಗೆ ಮಜ್ಜಿಗೆ, ಪಾನಕ. ಸೂರ್ಯಚಂದ್ರರು ಇರೋವರೆಗೂ ನಡೀಬೇಕು.

ನಾನು: ಕೊನೇ ಮಾತೊಂದು ಬಿಟ್ಟು ಉಳಿದಿದ್ದೆಲ್ಲ ಬರೀತೀನಿ ಚಿಕ್ಕಪ್ಪ.

ಚಿಕ್ಕಪ್ಪ: ಅದನ್ನ ಬಿಟ್ಟರೆ ಉಳಿಯೋದೇನು? ಹಳೇ ಶಾಸನದ ಕಲ್ಲುಗಳನ್ನ ನೋಡು. ಮೇಲ್ಗಡೆ ಸೂರ್ಯ, ಚಂದ್ರ ಕೆತ್ತಿರ್ತಾರೆ. ಅವರೇನು ತಿಳಿಯದವರಾ?

ನಾನು: ಒಂದು ವಿಷಯ ಹೇಳ್ತೀನಿ, ಕೇಳಿ. ಒಂದು ಕಾಲೇಜಿನ ಲೆಕ್ಕ ನೋಡೋವಾಗ ಒಂದು ದತ್ತಿ ನನ್ನ ಕಣ್ಣಿಗೆ ಬಿತ್ತು. ಸುಮಾರು ಐವತ್ತು ವರ್ಷದ ಹಿಂದೆ ಒಬ್ಬ ತಂದೆ, ತೀರಿಹೋದ ಮಗನ ಹೆಸರಲ್ಲಿ 5,000 ರೂಪಾಯಿ ಇಟ್ಟು, ಗಣಿತದಲ್ಲಿ ಮೊದಲು ಬಂದವರಿಗೆ ವರ್ಷವರ್ಷವೂ ಚಿನ್ನದ ಪದಕ ಕೊಡಿ ಅಂತ ಬರೆದಿದ್ರು. ಆಗ 5,000 ಅಂದ್ರೆ ದೊಡ್ಡ ದುಡ್ಡು. ಈಗ ಅದರ ಬಡ್ಡಿ ವರ್ಷಕ್ಕೆ ಮುನ್ನೂರು ಚಿಲ್ಲರೆ. ಪದಕ ಇರ್ಲಿ, ಪದಕ ಇಡೋ ಡಬ್ಬಿಯೂ ಬರಲ್ಲ. ಬೇರೆ ಯಾವುದಕ್ಕೂ ಕೊಡೋ ಹಾಗಿಲ್ಲ, ಯಾಕಂದ್ರೆ ಪದಕ ಅಂತಲೇ ಬರೆದಿದೆ. ಬದಲಿಸ್ಬೇಕಾದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಹಿಡಿದು ಕೋರ್ಟಿಗೆ ಹೋಗ್ಬೇಕು. ಮುನ್ನೂರು ರೂಪಾಯಿಗೋಸ್ಕರ ಯಾರು ಹೋಗ್ತಾರೆ? ಆ ಹುಡುಗನ ಹೆಸರು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಾಗಿ ಕೂತಿದೆ. ಆವತ್ತು ನನಗೆ ಊಟ ಸೇರಲಿಲ್ಲ.

ಅತ್ತೆ: ಪಾಪ, ಆ ತಂದೆ.

ಚಿಕ್ಕಪ್ಪ: ಅದು ದುಡ್ಡು ಸಣ್ಣದಾದ ಕಥೆ. ನೀರಡಿಕೆ ಯಾವತ್ತಾದ್ರೂ ಸಣ್ಣದಾಗುತ್ತಾ?

ನಾನು: ನೀರಡಿಕೆ ಇರುತ್ತೆ, ದಾರಿಹೋಕರು ಇರಲ್ಲ. ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ಬ್ರಯನ್ ಮಲನ್ಫಿ ಅಂತ ಒಬ್ಬ ಮೇಯರ್ ಆಗಿದ್ದವರು ಇದ್ರು. 1851ರಲ್ಲಿ ತೀರಿಕೊಂಡಾಗ ಆಸ್ತಿಯ ಮೂರನೇ ಒಂದು ಪಾಲು ಊರಿಗೆ ಬಿಟ್ಟರು. ಪಶ್ಚಿಮಕ್ಕೆ ನೆಲೆ ಹುಡುಕ್ಕೊಂಡು ಹೋಗೋ ಬಡ ಪ್ರಯಾಣಿಕರಿಗೆ ಸಹಾಯ ಮಾಡಿ ಅಂತ. ಆಗ ಬಂಡಿ ಕಟ್ಕೊಂಡು ಸಾವಿರಾರು ಜನ ಆ ಊರ ಮೇಲೇ ಹೋಗ್ತಿದ್ರು, ನಿಮ್ಮ ಅರವಟಿಗೆಯಷ್ಟೇ ಒಳ್ಳೇ ಯೋಚನೆ. ಆಮೇಲೆ ರೈಲು ಬಂತು, ಬಂಡಿಗಳು ನಿಂತವು. ದುಡ್ಡು ಉಳೀತು, ಪಡೆಯೋರು ಉಳೀಲಿಲ್ಲ. ಇಂಥದ್ದಕ್ಕೆ ಅಲ್ಲಿಯವರು ‘ಸತ್ತವರ ಕೈ’ ಅಂತಿದ್ರು. ಬದುಕಿರೋರ ಕೈಯನ್ನ ಸತ್ತವರ ಕೈ ಹಿಡ್ಕೊಂಡು ಬಿಡಲ್ಲ.

ಚಿಕ್ಕಪ್ಪ: ನೀನು ಅಮೆರಿಕಕ್ಕೆ ಹೋದೆ. ನಾನು ಬೆಂಗಳೂರಿಗೇ ಹೋಗ್ತೀನಿ. ಗುಬ್ಬಿ ತೋಟದಪ್ಪನ ಛತ್ರ 1903ರಲ್ಲಿ ಶುರುವಾಯ್ತು. ರೈಲ್ವೆ ಸ್ಟೇಷನ್ ಎದುರಿಗೇ. ನಮ್ಮಪ್ಪ ಅಲ್ಲಿ ಮಲಗಿ ಬಂದಿದ್ದಾರೆ, ನಾನೂ ಮಲಗಿದ್ದೀನಿ. ನೂರಿಪ್ಪತ್ತು ವರ್ಷ ಆದ್ರೂ ನಡೀತಿದೆಯಲ್ಲ? ಅಲ್ಲಿ ಯಾವ ಸತ್ತವರ ಕೈ?

ಈ ಮಾತಿಗೆ ನನ್ನಲ್ಲಿ ತಕ್ಷಣ ಉತ್ತರ ಇರಲಿಲ್ಲ. ಚಿಕ್ಕಪ್ಪ ಹೇಳಿದ್ದು ನಿಜ. ರೈಲು ಮಲನ್ಫಿಯ ದತ್ತಿಯನ್ನು ಬತ್ತಿಸಿತು. ತೋಟದಪ್ಪನವರು ರೈಲನ್ನೇ ನೋಡಿ ಛತ್ರ ಕಟ್ಟಿಸಿದರು.

ನಾನು: ಅವರು ಬರೀ ಛತ್ರ ಕಟ್ಟಲಿಲ್ಲ ಚಿಕ್ಕಪ್ಪ. ಓದೋ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ ಅಂತಲೂ ಸೇರಿಸಿದ್ರು, ತಾವಿರೋವಾಗಲೇ ಟ್ರಸ್ಟಿಗೆ ಒಪ್ಪಿಸಿದ್ರು. ಅಂದ್ರೆ ಕೊಟ್ಟು ಸುಮ್ಮನಾಗಲಿಲ್ಲ, ಕಾಯೋರನ್ನೂ ನೇಮಿಸಿದ್ರು. ನೀವು ಶಾಸನ ಅಂದ್ರಲ್ಲ, ತಮಿಳು ಶಾಸನಗಳಲ್ಲಿ ಒಂದು ಮಾತು ಬರುತ್ತೆ: ‘ಸಾವಾ ಮೂವಾ ಪೇರಾಡು’. ಸಾಯದ, ಮುಪ್ಪಾಗದ ದೊಡ್ಡ ಕುರಿಗಳು ಅಂತ. ದೇವಸ್ಥಾನದಲ್ಲಿ ಒಂದು ನಂದಾದೀಪ ಹಗಲೂ ರಾತ್ರಿ ಉರಿಯೋಕೆ 90 ಇಲ್ಲಾ 96 ಕುರಿ ಕೊಡ್ತಿದ್ರು. ಕುರುಬ ಅವನ್ನ ಮೇಯಿಸಿ ದಿನಾ ಇಷ್ಟು ತುಪ್ಪ ಅಂತ ಅಳೀಬೇಕು. ಕುರಿ ಸಾಯದೆ ಇರುತ್ತಾ? ಸಾಯುತ್ತೆ. ಸತ್ತಿದ್ದರ ಜಾಗಕ್ಕೆ ಮರಿ ಬರುತ್ತೆ, ಮಂದೆಯ ಲೆಕ್ಕ ಕಮ್ಮಿಯಾಗಲ್ಲ. ಸಾಯದೇ ಇರೋದು ಕುರಿಯಲ್ಲ, ಕುರುಬನ ಕೆಲಸ.

ಅತ್ತೆ: ಕೊಟ್ಟೋನ ಹೆಸರು ಕಲ್ಲಿನ ಮೇಲೆ. ಮೇಯಿಸ್ದೋನ ಹೆಸರು?

ನಾನು: ಕೆಲವು ಕಲ್ಲುಗಳಲ್ಲಿ ಅದೂ ಇದೆ ಅತ್ತೆ. ಇನ್ನೊಂದು ಮಾತೂ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುತ್ತೆ. ದಾನ ಕಿತ್ಕೊಂಡವನು ಹುಳುವಾಗಿ ಹುಟ್ತಾನೆ ಅನ್ನೋ ಶಾಪ ಎಲ್ರಿಗೂ ಗೊತ್ತು. ಅದರ ಜೊತೆಗೇ, ತಾನು ಕೊಡೋದಕ್ಕಿಂತ ಇನ್ನೊಬ್ಬರು ಕೊಟ್ಟಿದ್ದನ್ನ ಕಾಪಾಡೋದು ದೊಡ್ಡದು ಅಂತಲೂ ಬರೆದಿರ್ತಾರೆ. ಅದನ್ನ ಯಾರೂ ಅಷ್ಟಾಗಿ ಹೇಳಲ್ಲ.

ಚಿಕ್ಕಪ್ಪ: ಸರಿ, ಕಾಯೋರು ಬೇಕು. ಅದಕ್ಕೇ ದೇವಸ್ಥಾನದ ಕಮಿಟಿಗೆ ಬರೆದುಬಿಡೋಣ.

ಅತ್ತೆ: ಹೋದ ಜಾತ್ರೆ ಲೆಕ್ಕ ಕೇಳಿದ್ದಕ್ಕೆ ಎಷ್ಟು ಜನ ನಿನ್ನ ಜೊತೆ ಮಾತು ಬಿಟ್ರು ತಮ್ಮಾ?

ಚಿಕ್ಕಪ್ಪ ಎದ್ದು ಹೋಗಿ ನೀರು ಕುಡಿದು ಬಂದರು.

ನಾನು: 1914ರಲ್ಲಿ ಕ್ಲೀವ್‌ಲ್ಯಾಂಡ್ ಅನ್ನೋ ಊರಲ್ಲಿ ಫ್ರೆಡರಿಕ್ ಗಾಫ್ ಅಂತ ಒಬ್ಬರು ಬ್ಯಾಂಕಿನ ಅಧ್ಯಕ್ಷರು ಇದಕ್ಕೊಂದು ದಾರಿ ಹುಡುಕಿದ್ರು. ಅದನ್ನೇ ಈಗ ಸಮುದಾಯ ಪ್ರತಿಷ್ಠಾನ ಅಂತಾರೆ. ನೂರು ಜನ ನೂರು ಟ್ರಸ್ಟ್ ಮಾಡೋ ಬದಲು ಊರಿಗೊಂದೇ ನಿಧಿ. ಹಣ ಇಟ್ಕೊಂಡು ಬೆಳೆಸೋದು ಬ್ಯಾಂಕು. ಯಾರಿಗೆ ಕೊಡ್ಬೇಕು ಅಂತ ನೋಡೋದು ಐದು ಜನರ ಬೇರೆ ಸಮಿತಿ. ಆ ಐವರನ್ನೂ ಬ್ಯಾಂಕೇ ಆರಿಸೋ ಹಾಗಿಲ್ಲ, ಮೇಯರ್ ಒಬ್ಬರನ್ನ, ನ್ಯಾಯಾಧೀಶರು ಒಬ್ಬೊಬ್ಬರನ್ನ ಆರಿಸ್ತಿದ್ರು. ಕೊಟ್ಟವರ ಆಸೆ ಏನಿತ್ತೋ ಅದನ್ನ ನಡೆಸ್ತಾರೆ. ಆ ಆಸೆಗೆ ಅರ್ಥ ಉಳೀದೇ ಹೋದಾಗ, ಅದಕ್ಕೆ ಹತ್ತಿರದ ಇನ್ನೊಂದು ಕೆಲಸಕ್ಕೆ ತಿರುಗಿಸ್ತಾರೆ. ಹಾಗೆ ಮಾಡೋ ಅಧಿಕಾರವನ್ನ ದಾನಿಯೇ ಮೊದಲು ಬರೆದುಕೊಟ್ಟಿರ್ತಾನೆ.

ಅತ್ತೆ: ಇದೇನು ಹೊಸದು? ಕೆರೆ ನೀರು ಬಿಡ್ತಿದ್ದ ನೀರುಗಂಟಿ ಇರ್ತಿರ್ಲಿಲ್ವಾ? ನೀರು ಊರಿಂದು. ತೂಬು ಎತ್ತೋನು ಅವನೊಬ್ಬನೇ. ಅವನಿಗೆ ಆ ಕೆರೆ ಕೆಳಗೆ ಗದ್ದೆ ಇರ್ತಿರ್ಲಿಲ್ಲ, ಅದಕ್ಕೇ ಅವನ ಕೈಲಿ ತೂಬು. ಯಾರ ಗದ್ದೆಗೆ ಎಷ್ಟು ಹೊತ್ತು ಅಂದ್ರೆ ಗೌಡನೂ ಎದುರಾಡೋ ಹಾಗಿರ್ಲಿಲ್ಲ. ಸುಗ್ಗಿಯಲ್ಲಿ ಅವನಿಗೆ ಇಷ್ಟು ಅಂತ ಕಾಳು. ಆದ್ರೆ ಅದೇ ಗೌಡ ಅವನನ್ನ ಜಗುಲಿ ಹತ್ತಿಸ್ಕೊತಿರ್ಲಿಲ್ಲ, ಜಾತಿ ಬೇರೆ ಅಂತ. ನೀರು ಹಂಚೋಕೆ ಅವನ ನ್ಯಾಯ ಬೇಕು, ಕೂರೋಕೆ ಅವನು ಬೇಡ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆಯ ಈ ಮಾತು ನನಗೆ ಆಮೇಲೂ ಬಹಳ ದಿನ ಕೇಳಿಸುತ್ತಿತ್ತು. ಪಾಲನೆಯ ಗುಣಗಾನ ಮಾಡುವಾಗ ಪಾಲಿಸಿದವರನ್ನು ಎಲ್ಲಿ ಕೂರಿಸಿದ್ದೆವು ಎಂಬುದನ್ನು ನಾನು ಯೋಚಿಸಿಯೇ ಇರಲಿಲ್ಲ.

ಚಿಕ್ಕಪ್ಪ: ಈ ಊರಲ್ಲಿ ಅಷ್ಟು ನಂಬಿಕೆ ಇಟ್ಟು ದುಡ್ಡು ಕೂಡಿಡೋ ಕಾಲ ಹೋಯ್ತು ಅಕ್ಕ.

ಅತ್ತೆ: ಯಾರು ಹೇಳಿದ್ದು? ನಾವು ಧರ್ಮಪುರಿ ಜಿಲ್ಲೆಯಲ್ಲಿದ್ದಾಗ, ಕೃಷ್ಣಗಿರಿ ಇನ್ನೂ ಜಿಲ್ಲೆ ಆಗಿರ್ಲಿಲ್ಲ, ಮೈರಾಡ ಅನ್ನೋ ಸಂಸ್ಥೆಯವರು ಬಂದು ಹೆಂಗಸರನ್ನ ಕೂರಿಸಿದ್ರು. ವಾರಕ್ಕೆ ಐದು ರೂಪಾಯಿ. ನೀನೇ ನಕ್ಕಿದ್ದೆ, ಐದು ರೂಪಾಯಲ್ಲಿ ಏನು ಸಂಘ ಅಂತ. ಪುಸ್ತಕ ಬರೆಯೋಳು ಒಬ್ಬಳು, ಪೆಟ್ಟಿಗೆ ಇಟ್ಕೊಳ್ಳೋಳು ಒಬ್ಬಳು, ಬೀಗದ ಕೈ ಇನ್ನೊಬ್ಬಳ ಹತ್ರ. ಒಂದು ಪೈಸೆ ಹೋಗಿಲ್ಲ.

ನಾನು: ಅತ್ತೆ ಹೇಳಿದ್ದು ಸಣ್ಣ ವಿಷಯ ಅಲ್ಲ ಚಿಕ್ಕಪ್ಪ. ತಮಿಳುನಾಡಿನಲ್ಲಿ ಸರ್ಕಾರ ಸ್ವಸಹಾಯ ಸಂಘಗಳ ಕೆಲಸ ಮೊದಲು ಹಿಡಿದದ್ದೇ 1989ರಲ್ಲಿ, ಧರ್ಮಪುರಿ ಜಿಲ್ಲೆಯಲ್ಲಿ, ಇಫಾಡ್ ಅನ್ನೋ ವಿಶ್ವಸಂಸ್ಥೆಯ ನಿಧಿಯ ನೆರವಿಂದ. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸೋ ಪ್ರಯೋಗ ಶುರು ಮಾಡಿತು. ಆಮೇಲೆ ಅದು ದೇಶಕ್ಕೆಲ್ಲ ಹಬ್ಬಿತು.

ಚಿಕ್ಕಪ್ಪ: ಅದು ಅವರವರ ದುಡ್ಡು, ಅವರವರಿಗೇ ಸಾಲ. ಧರ್ಮ ಬೇರೆ.

ಅತ್ತೆ: ಬೇರೆ ಹೌದು. ಆದ್ರೆ ತನ್ನ ಐದು ರೂಪಾಯಿ ಇದ್ದೋಳು ಕಣ್ಣಿಟ್ಟು ನೋಡ್ತಾಳೆ. ನಿನ್ನ ಹತ್ತು ಲಕ್ಷ ಒಂದೇ ಕೂತ್ರೆ ಅದು ನಿನ್ನ ದುಡ್ಡು, ಯಾರೂ ಕೇಳಲ್ಲ. ಅದರ ಪಕ್ಕದಲ್ಲಿ ನೂರು ಮನೆಯ ನೂರು ರೂಪಾಯಿ ಇರ್ಲಿ. ಆಗ ಎಲ್ರೂ ಲೆಕ್ಕ ಕೇಳ್ತಾರೆ.

ನಾನು: ಲೆಕ್ಕಕ್ಕೂ ಅದೇ ಬೇಕು. ಹತ್ತು ಲಕ್ಷಕ್ಕೆ ಶೇಕಡಾ 7 ಬಡ್ಡಿ ಅಂತ ಇಟ್ಕೊಳ್ಳಿ, ವರ್ಷಕ್ಕೆ 70,000. ಆದಾಯ ತೆರಿಗೆ ವಿನಾಯಿತಿ ಪಡೆದ ಟ್ರಸ್ಟು ಅದರಲ್ಲಿ ನೂರಕ್ಕೆ 85 ಪಾಲು ಧರ್ಮಕ್ಕೆ ಖರ್ಚು ಮಾಡ್ಲೇಬೇಕು, ವಿಶೇಷ ಅರ್ಜಿ ಹಾಕದೆ ಉಳಿಸ್ಕೊಳ್ಳೋಕೆ ಆಗೋದು 15 ಮಾತ್ರ. ಅಂದ್ರೆ 10,500. ಅಷ್ಟು ಮಾತ್ರ ಸೇರಿಸಿದ್ರೆ ಬೆಲೆ ಏರೋ ವೇಗಕ್ಕೆ ಅಸಲು ಸವೀತಾ ಹೋಗುತ್ತೆ. ಮಂದೆ ಉಳೀಬೇಕಾದ್ರೆ ಹೊರಗಿಂದ ಮರಿ ಬರ್ತಾ ಇರ್ಬೇಕು. ಊರವರು ವರ್ಷವರ್ಷ ಸೇರಿಸ್ತಾ ಇರ್ಬೇಕು.

ಚಿಕ್ಕಪ್ಪ: ಊರವರ ನೂರು ರೂಪಾಯಿ ಯಾಕೆ? ಇಷ್ಟು ಕಂಪನಿ ಇದಾವೆ. ನಮ್ಮ ಜಮೀನಲ್ಲೇ ಕೂತಿರೋದು. ಅವು ಲಾಭದಲ್ಲಿ ಎರಡು ಪರ್ಸೆಂಟ್ ಕೊಡ್ಬೇಕು ಅಂತ ಕಾನೂನೇ ಇದೆಯಂತಲ್ಲ?

ನಾನು: 2014ರ ಏಪ್ರಿಲ್‌ನಿಂದ ಇದೆ, ದೊಡ್ಡ ಕಂಪನಿಗಳಿಗೆ. ಸುತ್ತಮುತ್ತಲಿನ ಊರಿಗೆ ಆದ್ಯತೆ ಕೊಡಿ ಅಂತಲೂ ಇದೆ. ಆದ್ರೆ ಆ ದುಡ್ಡನ್ನ ಮೂಲನಿಧಿಗೆ ಹಾಕೋ ಹಾಗಿಲ್ಲ, 2021ರ ಜನವರಿಯಿಂದ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಕೆಲಸಕ್ಕೆ ಖರ್ಚಾಗಿ ಹೋಗ್ಬೇಕು.

ಅತ್ತೆ: ಹಾಲು ಕೊಡ್ತಾರೆ, ಕುರಿ ಕೊಡಲ್ಲ.

ನಾನು: ಹೌದು ಅತ್ತೆ. ಅದೂ ಬೇಕು. ಆದ್ರೆ ಕಂಪನಿಯವರು ಯಾರ ಕೈಗೆ ಕೊಡ್ಬೇಕು? ಕೆರೆ ದಂಡೆ ಗಿಡ ಕಿತ್ತು ಸ್ವಚ್ಛ ಮಾಡೋ ಹುಡುಗರಿಗೆ ರಿಜಿಸ್ಟ್ರೇಷನ್ ಇಲ್ಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಪುಸ್ತಕ ತಂದು ಹಂಚೋ ಮೇಷ್ಟ್ರ ಹತ್ರ ದಾನಿಗೆ ತೆರಿಗೆ ರಿಯಾಯಿತಿ ಸಿಗೋ ರಸೀತಿ ಇಲ್ಲ. ಹಿಂದಿನ ಬೀದಿಯಲ್ಲಿ ಶಿಫ್ಟಿಗೆ ಹೋಗೋ ಹೆಂಗಸರ ಕೂಸುಗಳನ್ನ ನೋಡ್ಕೊಳ್ಳೋ ಆಯಮ್ಮನಿಗೆ ಆಡಿಟ್ ಅಂದ್ರೇನು ಅಂತಲೇ ಗೊತ್ತಿಲ್ಲ. ಊರ ನಿಧಿ ಅಂತ ಒಂದಿದ್ರೆ ಇವರ ಕಾಗದಪತ್ರದ ಹೊರೆ ಅದು ಹೊರುತ್ತೆ. ರಸೀತಿ ಕೊಡುತ್ತೆ, ಬಿಲ್ ಕಟ್ಟುತ್ತೆ, ಲೆಕ್ಕ ಒಪ್ಪಿಸುತ್ತೆ. ಯಾರ ಕೆಲಸ ನಿಜ, ಯಾರದ್ದು ಬರೀ ಬ್ಯಾನರ್ ಅಂತ ಬೆಂಗಳೂರಲ್ಲಿ ಕೂತವರಿಗೆ ಗೊತ್ತಾಗಲ್ಲ, ಈ ಜಗುಲಿ ಮೇಲೆ ಕೂತವರಿಗೆ ಗೊತ್ತಾಗುತ್ತೆ. ಇನ್ನೊಂದು ವಿಷಯ ನಾನು ಎಷ್ಟೋ ಲೆಕ್ಕದಲ್ಲಿ ನೋಡಿದ್ದೀನಿ: ದಾನಿಗಳೆಲ್ಲ ಕುರ್ಚಿ, ಬೀರು, ಫ್ಯಾನು ಕೊಡ್ತಾರೆ, ಹೆಸರು ಬರೆಯೋಕೆ ಜಾಗ ಇರುತ್ತೆ. ಆಯಮ್ಮನ ಸಂಬಳ ಯಾರೂ ಕೊಡಲ್ಲ. ಮೂರು ಫ್ಯಾನ್ ಇರೋ ಮನೆ, ಕೂಸು ಎತ್ಕೊಳ್ಳೋಕೆ ಜನ ಇಲ್ಲ.

ಚಿಕ್ಕಪ್ಪ: ಹೆಸರು ಬೇಕು ಅನ್ನೋದು ತಪ್ಪಾ? ನನಗಲ್ಲ, ಅವಳಿಗೆ. ನಲವತ್ತು ವರ್ಷ ಈ ಮನೆಯಲ್ಲಿ ಬೇಯಿಸಿ ಹಾಕಿದ್ಲು. ಪಟ್ಟಾದಲ್ಲಿ ಅವಳ ಹೆಸರಿರ್ಲಿಲ್ಲ, ಮನೆ ಕಾಗದದಲ್ಲೂ ಇರ್ಲಿಲ್ಲ.

ನಾನು: ತಪ್ಪಲ್ಲ ಚಿಕ್ಕಪ್ಪ. ಊರ ನಿಧಿಯೊಳಗೇ ಚಿಕ್ಕಮ್ಮನ ಹೆಸರಿನ ದತ್ತಿ ಅಂತ ಬೇರೆ ಪುಟ ಇಡ್ಬಹುದು. ಆ ಬಡ್ಡಿಯಲ್ಲಿ ಯಾವ ಕೆಲಸ ನಡೆದ್ರೂ ಆ ಹೆಸರಲ್ಲೇ ನಡೆಯುತ್ತೆ. ಕೆಲಸ ಬದಲಾಗ್ಬಹುದು, ಹೆಸರು ಬದಲಾಗಲ್ಲ.

ಚಿಕ್ಕಪ್ಪ: ಆಯಮ್ಮನ ಮನೆಗೆ ಬರೋ ಕೂಸುಗಳು ನಮ್ಮೂರವಾ? ಒಡಿಶಾದೋರು, ಬಿಹಾರದೋರು. ಇವತ್ತು ಇಲ್ಲಿ, ನಾಳೆ ತಿರುಪ್ಪೂರು. ನಮ್ಮೂರ ದುಡ್ಡು ನಮ್ಮೂರೋರಿಗೆ ಬೇಡ್ವಾ?

ಅತ್ತೆ: ನೀನು ಕಟ್ಟಿಸ್ಬೇಕು ಅಂದ ಅರವಟಿಗೆಯ ನೀರು ಯಾರಿಗೆ ತಮ್ಮಾ? ನಮ್ಮೂರೋರು ಮನೇಲಿ ಕುಡೀತಾರೆ.

ಚಿಕ್ಕಪ್ಪ ಬಹಳ ಹೊತ್ತು ಸುಮ್ಮನಿದ್ದರು. ಹೆದ್ದಾರಿಯ ಕಡೆ ನೋಡುತ್ತಿದ್ದರು. ಅವರ ತಂದೆಯ ಕಾಲದಲ್ಲಿ ಅಲ್ಲಿ ಕಾರ್ಖಾನೆಯಿರಲಿಲ್ಲ, ರಾಗಿ ಹೊಲಗಳಿದ್ದವು. ಮನೆಮಾತು ಕನ್ನಡವಾದರೂ ಗಡಿಯ ಈಚೆ ಇರುವ ನಾವು ತಮಿಳುನಾಡಿನವರು. ಊರಿನವರು ಎಂಬ ಮಾತು ಎಷ್ಟು ಗಟ್ಟಿ, ಎಷ್ಟು ಮೆದು ಎಂದು ಜೂಜುವಾಡಿಯಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚಿಕ್ಕಪ್ಪ: ಹೀಗೆ ಬರ್ಕೊ. ಮೊದಲ ಐದು ವರ್ಷ ನೀರು, ಮಜ್ಜಿಗೆ. ಅದು ಅವಳ ಆಸೆ, ನನ್ನ ಹತ್ರ ಹೇಳಿದ್ಲು. ಆಮೇಲೆ ಊರಿಗೆ ಏನು ಬೇಕೋ ನೀವು ನೋಡಿ ಮಾಡಿ.

ನಾನು: ಸೂರ್ಯಚಂದ್ರ?

ಚಿಕ್ಕಪ್ಪ: ಕಲ್ಲಿನ ಮೇಲೆ ಕೆತ್ತಿಸ್ತೀನಿ. ಕಾಗದದಲ್ಲಿ ಬೇಡ.

ಅತ್ತೆ: ‘ನೀವು ನೋಡಿ’ ಅಂದ್ಯಲ್ಲ, ನೀವು ಅಂದ್ರೆ ಯಾರು? ಅದನ್ನೂ ಬರೆಸು.

ಚಿಕ್ಕಪ್ಪ: ನೀನಿರು. ಪುಸ್ತಕದ ಮೇಷ್ಟ್ರು ಇರ್ಲಿ. ಕೆರೆ ಹುಡುಗರಲ್ಲಿ ಒಬ್ಬ. ಬ್ಯಾಂಕಿನವರು ಯಾರಾದ್ರೂ ಒಬ್ಬರು. ನಾಲ್ಕಾಯ್ತು.

ಅತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟರು. ಎದುರಿನ ಸಾಲು ರೂಮುಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು.

ಚಿಕ್ಕಪ್ಪ: ಆ ಮೂರನೇ ರೂಮಿನ ಹುಡುಗಿ, ಕೂಸನ್ನ ಆಯಮ್ಮನ ಹತ್ರ ಬಿಟ್ಟು ಹೋಗ್ತಾಳಲ್ಲ, ಅವಳು ಶಿಫ್ಟ್ ಮುಗಿಸಿ ಬರೋದು ಎಷ್ಟು ಹೊತ್ತಿಗೆ?

ಅತ್ತೆ: ಎಂಟಾಗುತ್ತೆ.

ಚಿಕ್ಕಪ್ಪ: ಎಂಟರವರೆಗೆ ಇರ್ತೀಯಾ ಅಮ್ಮಣ್ಣಿ? ಊಟ ಇಲ್ಲೇ ಮಾಡು. ಜಗುಲಿ ಮೇಲೆ ಇನ್ನೊಂದು ಚಾಪೆ ಹಾಕು.