ದೇವರ ಮೇಲಿನ ಆಣೆ, ಮಾರಿದ ಓಟು

ಮತದಾನಕ್ಕೆ ಒಂದೆರಡು ದಿನ ಇರುವಾಗ ನಮ್ಮ ಅನೇಕ ಕ್ಷೇತ್ರಗಳಲ್ಲಿ ನಡೆಯುವ ವ್ಯವಹಾರ ಯಾರಿಗೂ ಗುಟ್ಟಲ್ಲ. ಮನೆಯಲ್ಲಿ ಎಷ್ಟು ಓಟಿವೆ ಎಂದು ಪಟ್ಟಿ ನೋಡಿ ಅಷ್ಟಕ್ಕೆ ದುಡ್ಡು ಕೊಡುತ್ತಾರೆ. ಈ ವ್ಯಾಪಾರಕ್ಕೆ ರಸೀದಿ ಇಲ್ಲವಲ್ಲ, ಅದಕ್ಕೇ ಕೆಲವು ಕಡೆ ಮಂಜುನಾಥನದೋ ಮಾದಪ್ಪನದೋ ಫೋಟೊ ಮುಂದಿಟ್ಟು, ಮುಟ್ಟಿ ಆಣೆ ಮಾಡಿ ಅನ್ನುತ್ತಾರೆ. 2023ರ ವಿಧಾನಸಭಾ ಚುನಾವಣೆಯ ಹೊತ್ತಿಗೆ ಕರ್ನಾಟಕದಲ್ಲಿ ಜಪ್ತಿಯಾದ ನಗದು, ಮದ್ಯ, ಉಡುಗೊರೆ ಮೊದಲಾದವುಗಳ ಮೌಲ್ಯ 375 ಕೋಟಿ ರೂಪಾಯಿ ದಾಟಿತ್ತು. ಸಿಕ್ಕಿಬೀಳದೆ ಮನೆ ಸೇರಿದ್ದೆಷ್ಟೋ. ಹಣದ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ, ಆಣೆಯ ಬಗ್ಗೆ ಕಡಿಮೆ. ಹಣ ಪಡೆದು, ದೇವರ ಫೋಟೊ ಮುಟ್ಟಿ ಮಾತು ಕೊಟ್ಟ ಹೆಂಗಸೊಬ್ಬಳು ಮತಯಂತ್ರದ ಮುಂದೆ ನಿಂತಾಗ ಆ ಮಾತಿಗೆ ಕಟ್ಟುಬಿದ್ದವಳೇ? ಕಾನೂನಿನ ಉತ್ತರ ಸಲೀಸು. ಉದ್ದೇಶವೇ ಕಾನೂನುಬಾಹಿರವಾದ ಒಪ್ಪಂದ 1872ರ ಕರಾರು ಕಾಯ್ದೆಯ ಪ್ರಕಾರ ಅಸಿಂಧು. ದೈವದ ಮುನಿಸಿನ ಭಯ ಹುಟ್ಟಿಸಿ ಓಟು ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಭ್ರಷ್ಟಾಚಾರವೇ. ಆದರೆ ಆಕೆ ಹೆದರುವುದು ಮಂಜುನಾಥನಿಗೆ, ಆ ಕಾಯ್ದೆಯ 123ನೇ ಕಲಮಿಗಲ್ಲ. ಹಾಗಾಗಿ ಉತ್ತರವನ್ನು ಧರ್ಮದೊಳಗೇ ಹುಡುಕಬೇಕು.

ಅಲ್ಲಿ ಮೊದಲು ಎದುರಾಗುವವಳು ಪುಣ್ಯಕೋಟಿ. ಹುಲಿಗೆ ಕೊಟ್ಟ ಮಾತನ್ನೂ ಉಳಿಸಿಕೊಂಡ ಹಸುವಿನ ಕಥೆ ಕೇಳಿ ಬೆಳೆದ ನಾಡು ಇದು. ಬೆದರಿಸಿ ಪಡೆದ ಮಾತೇ ಅಷ್ಟು ಪವಿತ್ರವಾದರೆ, ಕೈಯಾರೆ ದುಡ್ಡು ತೆಗೆದುಕೊಂಡು ಕೊಟ್ಟ ಮಾತು ಇನ್ನೆಷ್ಟು ಪವಿತ್ರ ಎಂದು ಯಾರಾದರೂ ಕೇಳಿದರೆ ತಳ್ಳಿಹಾಕುವಂತಿಲ್ಲ. ಆದರೆ ಪುಣ್ಯಕೋಟಿ ಕೊಡುತ್ತೇನೆಂದದ್ದು ತನ್ನ ಮೈಯನ್ನು. ಕರುವನ್ನೂ ತಂದು ಒಪ್ಪಿಸುತ್ತೇನೆಂದು ಆಕೆ ಮಾತು ಕೊಟ್ಟಿದ್ದರೆ, ಆ ಮಾತನ್ನು ಉಳಿಸಿಕೊಂಡವಳನ್ನು ನಾವು ಹಾಡಿ ಹೊಗಳುತ್ತಿದ್ದೆವೇ? ತನ್ನದಲ್ಲದ್ದನ್ನು ಪಣಕ್ಕಿಡುವ ಅಧಿಕಾರ ಯಾರಿಗಿದೆ ಎಂಬ ದ್ರೌಪದಿಯ ಪ್ರಶ್ನೆಗೆ ಕುರುಸಭೆಯ ಹಿರಿಯರು ಉತ್ತರ ಕೊಡದೆ ತಲೆ ತಗ್ಗಿಸಿದರು. ಕರ್ಣಪರ್ವದಲ್ಲಿ ಕೃಷ್ಣ ಕೌಶಿಕನ ಕಥೆ ಹೇಳುತ್ತಾನೆ: ಸತ್ಯವನ್ನೇ ನುಡಿಯುವ ವ್ರತ ಹಿಡಿದ ಈ ಬ್ರಾಹ್ಮಣ, ಪ್ರಾಣಭಯದಿಂದ ಕಾಡಿನಲ್ಲಿ ಅಡಗಿದ್ದವರ ಜಾಡನ್ನು ದರೋಡೆಕೋರರಿಗೆ ತೋರಿಸಿಕೊಟ್ಟು ನರಕಕ್ಕೆ ಹೋಗುತ್ತಾನೆ. ಕೃಷ್ಣ ಇದನ್ನು ಹೇಳುವುದು ಯಾವಾಗ? ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವರ ತಲೆ ಕಡಿಯುತ್ತೇನೆಂಬ ಪ್ರತಿಜ್ಞೆಯ ನೆಪದಲ್ಲಿ ಅರ್ಜುನ ಅಣ್ಣನ ಮೇಲೆಯೇ ಕತ್ತಿ ಹಿರಿದಾಗ. ಪ್ರತಿಜ್ಞೆಯ ಹೊರೆಯನ್ನು ಮೂರನೆಯವರು ಹೊರಬೇಕಾಗಿ ಬಂದಾಗ, ಅದನ್ನು ಉಳಿಸಿಕೊಳ್ಳುವುದೇ ಧರ್ಮ ಎಂದು ನಮ್ಮ ಪರಂಪರೆ ಕಣ್ಣುಮುಚ್ಚಿ ಹೇಳಿಲ್ಲ.

ಓಟು ನನ್ನದೇ ಅಲ್ಲವೇ, ಮಾರಿದರೆ ಯಾರಿಗೇನು ನಷ್ಟ ಎಂಬುದು ಇದಕ್ಕೆ ಬರುವ ಆಕ್ಷೇಪ. ನಿಜಕ್ಕೂ ನನ್ನ ಸ್ವತ್ತಾಗಿದ್ದರೆ ಅದನ್ನು ಕೊಂಡವನಿಗೆ ತೋರಿಸುವ ಹಕ್ಕಾದರೂ ನನಗಿರಬೇಕಿತ್ತು. ಅದೂ ಇಲ್ಲ. ಮತಗಟ್ಟೆಯೊಳಗೆ ಗೋಪ್ಯತೆ ಕಾಯುವುದು ಮತದಾರನ ಕರ್ತವ್ಯ. ಎಚ್ಚರಿಸಿದ ಮೇಲೂ ಪಾಲಿಸದವನಿಗೆ ಅಧಿಕಾರಿ ಮತ ಹಾಕಲು ಬಿಡುವಂತಿಲ್ಲ. ಬಿಟ್ಟುಕೊಡಲಾಗದ ಗುಟ್ಟು ಎಂದರೆ ಅದು ನನ್ನೊಬ್ಬನ ರಕ್ಷಣೆಗೆ ಇಟ್ಟದ್ದಲ್ಲ ಎಂದೇ ಅರ್ಥ. ನಾನು ಒತ್ತುವ ಗುಂಡಿಯಿಂದ ಪಕ್ಕದ ಮನೆಯವನ ಶಾಲೆ, ಆಸ್ಪತ್ರೆ, ನೀರು ತೀರ್ಮಾನವಾಗುತ್ತವೆ. ಜಾನ್ ಸ್ಟೂವರ್ಟ್ ಮಿಲ್ ಕೂಡ 1861ರಲ್ಲಿ ಮತ ಒಂದು ನ್ಯಾಸ, ಸ್ವತ್ತಲ್ಲ ಎಂದೇ ವಾದಿಸಿದ. ಆದರೆ ಅದೇ ಕಾರಣಕ್ಕೆ ಮತದಾನ ಬಹಿರಂಗವಾಗಿರಬೇಕು ಎಂದೂ ಹೇಳಿದ. ಅವನ ಅರ್ಧ ಮಾತು ಸರಿ. ಹೊಲದ ಯಜಮಾನ, ಸಾಲ ಕೊಟ್ಟವ, ಜಾತಿಯ ಮುಖಂಡ ಮೂವರೂ ಬಾಗಿಲಲ್ಲೇ ನಿಂತಿರುವ ಸಮಾಜದಲ್ಲಿ ಮರೆಯಿಲ್ಲದೆ ನ್ಯಾಸವನ್ನು ಕಾಪಾಡುವುದು ಆಗದ ಮಾತು.

ಈ ಪ್ರಶ್ನೆ ನಮ್ಮೊಬ್ಬರದಲ್ಲ. 1986ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸಿನಲ್ಲಿ ಅಧ್ಯಕ್ಷ ಮಾರ್ಕೋಸ್ ಮತ್ತು ಕೊರಾಜಾನ್ ಅಕಿನೋ ನಡುವೆ ಚುನಾವಣೆ ನಡೆದಾಗ, ಮನಿಲಾದ ಕಾರ್ಡಿನಲ್ ಹೈಮೆ ಸಿನ್ ಭಕ್ತರಿಗೆ ನೇರವಾಗಿ ಹೇಳಿದ್ದರು: ಹಣ ಪಡೆದ ಮಾತ್ರಕ್ಕೆ ಕೊಟ್ಟವನಿಗೇ ಓಟು ಹಾಕಬೇಕೆಂಬ ಕಟ್ಟುಪಾಡಿಲ್ಲ. ಹಣ ತೆಗೆದುಕೊಂಡು ಕೈಕೊಡುವುದನ್ನು ಚರ್ಚೇ ಕಲಿಸಬಹುದೇ ಎಂಬ ಟೀಕೆಯಲ್ಲಿ ಹುರುಳಿದೆ. ಸುಳ್ಳಿನ ಅಭ್ಯಾಸ ಮತಗಟ್ಟೆಯಲ್ಲೇ ನಿಲ್ಲುವುದಿಲ್ಲ. ಆದರೆ ಆ ಟೀಕೆ ಅನ್ವಯಿಸುವುದು ಮೊದಲೇ ಲೆಕ್ಕ ಹಾಕಿ ಕೈಚಾಚುವವನಿಗೆ. ಫೋಟೊ ಹಿಡಿದು ಬಾಗಿಲಿಗೆ ಬಂದವರ ಗುಂಪಿಗೆ ಇಲ್ಲ ಎನ್ನಲಾಗದೆ ಕೈಯೊಡ್ಡಿದ ಕೂಲಿ ಹೆಂಗಸಿಗೆ ಅದನ್ನು ಅನ್ವಯಿಸುವುದು ಕ್ರೌರ್ಯ. ಅಂದಹಾಗೆ, ಆಣೆಯ ಬಲೆ ಬಡವರಿಗೆ ಮಾತ್ರ ಬೀಸುವುದಲ್ಲ. ನೈಜೀರಿಯದ ಅನಾಂಬ್ರ ರಾಜ್ಯದಲ್ಲಿ 2003ರಲ್ಲಿ ಗವರ್ನರ್ ಆದ ಕ್ರಿಸ್ ಎನ್ಗಿಗೆ ಅವರು, ಒಕಿಜಾದ ದೈವಸ್ಥಾನಕ್ಕೆ ತಮ್ಮನ್ನು ಕರೆದೊಯ್ದದ್ದನ್ನು ಮುಂದೆ ತಾವೇ ಹೇಳಿಕೊಂಡರು; ಗೆಲ್ಲಿಸಿದ ಧಣಿಗೆ ನಿಷ್ಠೆ ಪಡೆಯುವ ದಾರಿ ಅದು. ಮಾತು ಕೇಳದಾದಾಗ ಅದೇ ವರ್ಷದ ಜುಲೈಯಲ್ಲಿ ಅವರನ್ನು ಅಪಹರಿಸಿ, ರಾಜೀನಾಮೆ ಕೊಟ್ಟರೆಂದು ಸಾರಲಾಯಿತು. ದೇವರನ್ನು ವಸೂಲಿಗೆ ನಿಲ್ಲಿಸಿದವರು, ದೇವರು ಕೈಬಿಟ್ಟಾಗ ಬಳಸಿದ್ದು ಬಂದೂಕನ್ನು. ಅವರ ದೈವಭಕ್ತಿಯ ಆಳ ಅಷ್ಟು.

ಬಡವರಿಗೆ ರಾಜಕಾರಣದಿಂದ ಕೈಗೆ ಸಿಗುವುದು ಇದೊಂದೇ, ಅದನ್ನೂ ಪಾಪ ಎನ್ನಬೇಡಿ ಎಂಬ ಮಾತು ಉಳಿಯಿತು. ಒಪ್ಪುತ್ತೇನೆ, ಪಡೆದವಳ ಪಾಪವನ್ನು ನಾನು ಎಣಿಸುತ್ತಿಲ್ಲ. ಸತ್ಯಕ್ಕೆ ಸಾಕ್ಷಿಯಾಗಬೇಕಾದ ದೇವರನ್ನು ಲಂಚಕ್ಕೆ ಜಾಮೀನುದಾರನನ್ನಾಗಿ ಮಾಡಿದವನದೇ ದೇವನಿಂದೆ. ಶಾಪ ಎಂಬುದಿದ್ದರೆ ಅದು ಫೋಟೊ ಹಿಡಿದು ಬಂದವನಿಗೆ ತಟ್ಟಬೇಕು. ಆಕೆಯನ್ನು ಈ ಆಣೆಯಿಂದ ಬಿಡಿಸುವ ಮಾತನ್ನು ಮಠದ ಸ್ವಾಮಿಗಳು, ದೇವಸ್ಥಾನದ ಅರ್ಚಕರು, ಮಸೀದಿಯ ಮೌಲ್ವಿಗಳು, ಚರ್ಚಿನ ಪಾದ್ರಿಗಳು ಚುನಾವಣೆಗೆ ಮುಂಚೆ ಬಾಯಿಬಿಟ್ಟು ಹೇಳಬೇಕು. ಚುನಾವಣಾ ಆಯೋಗದ ಜಾಹೀರಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ದೇವರ ಭಯ ಹೋದ ಮೇಲೂ ಪುಢಾರಿಯ ಭಯ ಇರುತ್ತದೆ, ಏಕೆಂದರೆ ಯಾವ ಬೂತಿನಲ್ಲಿ ಯಾರಿಗೆಷ್ಟು ಬಿತ್ತು ಎಂಬುದು ಎಣಿಕೆ ಮುಗಿದೊಡನೆ ಅವನಿಗೆ ಗೊತ್ತಾಗುತ್ತದೆ. ಹಲವು ಬೂತುಗಳ ಯಂತ್ರಗಳನ್ನು ಒಟ್ಟುಗೂಡಿಸಿ ಎಣಿಸುವ ಟೋಟಲೈಸರ್ ಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗ 2015ರಲ್ಲಿ ಅದನ್ನು ಬೆಂಬಲಿಸಿತು, ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತುವಾರು ಲೆಕ್ಕ ಈಗಲೂ ಬೇರೆಬೇರೆಯಾಗಿಯೇ ಪ್ರಕಟವಾಗುತ್ತಿದೆ.