ದ್ವೀಪಕ್ಕೆ ಬಂದ ದಾರಿಹೋಕ

ಹೂಗ್ಯಂ, ಹನೂರು, ಕೊಳ್ಳೇಗಾಲದ ಓದುಗರಿಗೆ ಕಾವೇರಿಯ ಶಿವನಸಮುದ್ರ ದ್ವೀಪ ಹೊಸದಲ್ಲ. ಮರ್ದಾನೆ ಗೈಬ್ ದರ್ಗಾಕ್ಕೂ ಜಲಪಾತಗಳಿಗೂ ದೂರದಿಂದ ಬರುವವರಿಗೆ ಅಲ್ಲಿಯ ಎಳನೀರಿನ ಬೆಲೆಯೂ ತಿಳಿಯದು, ಹೊಳೆಯ ಆಳವೂ ತಿಳಿಯದು. ನೀವು ಎರಡನ್ನೂ ಬಲ್ಲಿರಿ.

ಹೊರಗಿನಿಂದ ಸರಕು ತರುವವರು ಪೇಟೆಯ ದರ ತಿಳಿಯುವ ಮೊದಲೇ ಅವರನ್ನು ದಾರಿಯಲ್ಲಿ ಎದುರುಗೊಂಡು ಖರೀದಿಸುವುದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದ್ದರು. ಪರಸ್ಥಳದವನ ಅಜ್ಞಾನ ನಮ್ಮ ಬಂಡವಾಳವಾಗಕೂಡದು. ಹಣ ಕೊಡುವವನು ಗಿರಾಕಿ, ಅತಿಥಿಯಲ್ಲ ಎನ್ನುತ್ತೀರಾ? ದಾರಿಹೋಕನಿಗೆ ಅವನ ಹಕ್ಕನ್ನು ಕೊಡಿರೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ (ಬನೀ ಇಸ್ರಾಈಲ್: 26). ಅಲ್ಲಿರುವ ಮಾತು ದಾನವಲ್ಲ, ಹಕ್ಕು. ಪ್ರವಾದಿ ಇಬ್ರಾಹೀಮರು(ಅ) ಗುರುತಿಲ್ಲದ ಅತಿಥಿಗಳ ಮುಂದೆ ಊಟವಿಟ್ಟದ್ದು ಅವರು ಯಾರೆಂದು ತಿಳಿಯುವ ಮೊದಲೇ.

ಹೊಳೆ ಏರುವಾಗ ಬಂಡೆಯ ಮೇಲೆ ಫೋಟೋಗೆ ನಿಂತ ಹುಡುಗರನ್ನು ಮೊದಲು ಕಾಣುವವನು ದಡದ ವ್ಯಾಪಾರಿ. ತಡೆದರೆ ಅವರು ಮುನಿಸಿಕೊಳ್ಳಬಹುದು, ವ್ಯಾಪಾರವೂ ಕೈತಪ್ಪಬಹುದು. ಆಗಲೂ ಕೂಗಿ ಕರೆಯುತ್ತೀರಾ?